ಸಹಾಯ ಬೇಕು: ಹಾಯಿದೋಣಿಯ ಡೆಕ್‌ಗೆ ಇನ್‌ಸ್ಪೆಕ್ಷನ್ ಪೋರ್ಟ್ ಕೂರಿಸಿದವರು ಇದ್ದೀರಾ?

ಕುಂಬಳೆ ಹೊಳೆಯಲ್ಲಿ ಓಡಿಸುವ ನಮ್ಮ ಪುಟ್ಟ ಫೈಬರ್ ಹಾಯಿದೋಣಿಯೊಳಗೆ ನೀರು ಸೇರುತ್ತಿದೆ. ದಡದಲ್ಲಿ ಅಲುಗಿಸಿದರೆ ಡೆಕ್ ಕೆಳಗೆ ಗುಳುಗುಳು ಸದ್ದು. ಕೈ ಹಾಕಿ ನೋಡೋಣ ಅಂದರೆ ದಾರಿಯೇ ಇಲ್ಲ.

6 ಇಂಚಿನ ಇನ್‌ಸ್ಪೆಕ್ಷನ್ ಪೋರ್ಟ್ (ಡೆಕ್ ಕೊರೆದು ಕೂರಿಸುವ, ಮುಚ್ಚಳವಿರುವ ದುಂಡು ಕಿಂಡಿ) ಹಾಕಬೇಕೆಂದಿದ್ದೇನೆ. 4 ಇಂಚಿನದು ಸಾಕು ಅಂತಾರೆ. ಮೊಣಕೈವರೆಗೆ ತೋಳು ಇಳಿಯದಿದ್ದರೆ ಸುಮ್ನೆ ಯಾಕೆ ಕೊರೆಯುವುದು, ಅಲ್ವಾ?

ಡೆಕ್‌ನ ಎರಡು ಪದರ ಫೈಬರ್ ನಡುವೆ ಮರ ಇದ್ದಂತಿದೆ. ಕೊಯ್ದ ಅಂಚು ನೀರು ಕುಡಿದರೆ ಕೊಳೆಯುತ್ತದೆ. ಅಂಚಿಗೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಒಂದು ಕೋಟ್ ಸಾಕಾ? ಪೋರ್ಟಿನ ರಿಂಗಿನಡಿಗೆ ನೀರು ಸೋರದಂತೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಸರಿಯಾ? ಸಿಲಿಕೋನ್ ನನಗೆ ಬೇಡ, ಒಮ್ಮೆ ಹಚ್ಚಿದರೆ ಆಮೇಲೆ ಅಲ್ಲಿ ಬೇರೇನೂ ಸರಿಯಾಗಿ ಅಂಟುವುದಿಲ್ಲ. ಸ್ಕ್ರೂ ಸಾಕಾ, ನಟ್‌ಬೋಲ್ಟೇ ಬೇಕಾ?

ಮಂಜೇಶ್ವರ, ಕಾಸರಗೋಡು ಕಡೆ ಫೈಬರ್ ಕೆಲಸದವರು ಗೊತ್ತಿದ್ದರೂ ತಿಳಿಸಿ.