ಗ್ಲಾಡಿಯೇಟರ್ ಆಟ (ಗೊಡೋ 4 ಗೇಮ್ ಎಂಜಿನ್): ತೂಕ ಲೆಕ್ಕಕ್ಕೇ ಬರ್ತಿಲ್ಲ, ಭಾರದ ಕವಚ ಹಾಕ್ದೋನೇ ಪ್ರತಿ ಸಲ ಗೆಲ್ತಾನೆ

ಬೆಲ್ಲದಚ್ಚು (ಮಂಡ್ಯ):
ಎಲ್ರಿಗೂ ನಮಸ್ಕಾರ. ರೋಮನ್ ಕಣದಲ್ಲಿ ಇಬ್ಬರು ಗ್ಲಾಡಿಯೇಟರ್‌ಗಳು ಹೊಡೆದಾಡೋ ಟೂ-ಡಿ ಆಟ. ಕಾಲೇಜು ಡೆಮೊಗೆ ಕೊಡ್ಬೇಕು. ಸದ್ಯದ ಲೆಕ್ಕ ಹಿಂಗೈತೆ:

ಸೆಕ್ಯುಟರ್ (ಕತ್ತಿ-ಗುರಾಣಿ ಹಿಡಿಯೋ ಭಾರದ ಗ್ಲಾಡಿಯೇಟರ್): ಶಿರಸ್ತ್ರಾಣ 4, ಗುರಾಣಿ 7, ತೋಳುಪಟ್ಟಿ 2, ಕಾಲ್ಗವಚ 1, ಕತ್ತಿ 1. ಒಟ್ಟು 15 ಕೆಜಿ. ಬಲ 12.
ರೆಟಿಯೇರಿಯಸ್ (ಬಲೆ-ತ್ರಿಶೂಲ ಹಿಡಿಯೋ ಹಗುರ ಗ್ಲಾಡಿಯೇಟರ್): ಬಲೆ 2, ತ್ರಿಶೂಲ 3, ತೋಳು-ಭುಜದ ಕವಚ 2. ಒಟ್ಟು 7 ಕೆಜಿ. ಬಲ 10.
ಹೊರೋ ಸಾಮರ್ಥ್ಯ = 8 + ಬಲ
ವೇಗ = 200 × (1 − ತೂಕ / ಸಾಮರ್ಥ್ಯ)
ಪೆಟ್ಟು = ದಾಳಿ − ರಕ್ಷಣೆ. ದಾಳಿ ಇಬ್ಬರಿಗೂ 18. ರಕ್ಷಣೆ ಸೆಕ್ಯುಟರ್‌ಗೆ 16, ರೆಟಿಯೇರಿಯಸ್‌ಗೆ 4. ಜೀವ ಇಬ್ಬರಿಗೂ 100.
ದಮ್ಮು (ಏಟು ಹೊಡೆದಾಗ ಖರ್ಚಾಗೋ ಶಕ್ತಿ) ವಾಪಸ್ ಬರೋದು ಪ್ರತಿ ಫ್ರೇಮಿಗೆ 0.3.

ತೊಂದರೆ ಏನಪ್ಪಾ ಅಂದ್ರೆ, ಇಬ್ಬರೂ ಒಂದೇ ವೇಗದಲ್ಲಿ ಓಡ್ತಾವ್ರೆ. ಸೆಕ್ಯುಟರ್‌ಗೆ ಇನ್ನೂ 4 ಕೆಜಿ ಹೇರಿದ್ರೂ ಅಷ್ಟೇ ಓಟ. 5 ಕೆಜಿ ಹೇರಿದ್ರೆ ಮಾತ್ರ ನಿಂತ ಜಾಗದಿಂದ ಒಂದಿಂಚೂ ಅಲ್ಲಾಡಲ್ಲ. ಇನ್ನೊಂದು, ಮನೆ ಕಂಪ್ಯೂಟರ್‌ನಾಗೆ ಯಾರಿಗೂ ಸುಸ್ತೇ ಆಗಲ್ಲ, ಲ್ಯಾಬ್ ಸಿಸ್ಟಮ್‌ನಾಗೆ ಸರಿಯಾಗೇ ಸುಸ್ತಾಯ್ತದೆ. ಆಮೇಲೆ ಸೆಕ್ಯುಟರ್ ವಿರುದ್ಧ ಸೆಕ್ಯುಟರ್ ಬಿಟ್ರೆ, ಒಬ್ಬನ ಶಿರಸ್ತ್ರಾಣ ಕಳಚಿದ್ರೆ ಇನ್ನೊಬ್ಬನ ತೂಕಾನೂ ಇಳೀತದೆ. ಎಲ್ಲಿಂದ ಶುರು ಮಾಡ್ಲಿ?

ಕುಕ್ಕರಹಳ್ಳಿ_ಕೋಡರ್ (ಮೈಸೂರು):
4 ಕೆಜಿಗೆ ಏನೂ ಆಗಲ್ಲ, 5ಕ್ಕೆ ಪೂರ್ತಿ ನಿಲ್ತಾನೆ ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ತೂಕ, ಸಾಮರ್ಥ್ಯ ಎರಡನ್ನೂ ಪೂರ್ಣಾಂಕವಾಗಿ ಇಟ್ಟಿದ್ದೀರಿ. ಗೊಡೋದ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಭಾಗ ಬಿದ್ದುಹೋಗುತ್ತೆ. 15 / 20 ಅಂದರೆ 0.75 ಅಲ್ಲ, 0. 7 / 18 ಕೂಡ 0. ಹಾಗಾಗಿ ಇಬ್ಬರಿಗೂ ವೇಗ ಪೂರ್ತಿ 200. 19 / 20 ಆದರೂ 0. 20 / 20 ಆದಾಗ ಮಾತ್ರ 1, ಆಗ ವೇಗ ಸೊನ್ನೆ. ತೂಕದ ದಂಡ ಇದೆ, ಆದರೆ ಸ್ವಿಚ್ಚಿನ ಥರ: ಇಲ್ಲವೇ ಇಲ್ಲ, ಇಲ್ಲಾಂದ್ರೆ ಪೂರ್ತಿ.

ಎರಡನ್ನೂ ಫ್ಲೋಟ್ (ದಶಮಾಂಶ ಸಂಖ್ಯೆ) ಅಂತ ಘೋಷಿಸಿ. ಟೈಪ್ ಬರೆಯದೆ ಬರೀ 15 ಅಂತ ಕೊಟ್ಟರೆ ಅದು ಪೂರ್ಣಾಂಕವೇ ಆಗುತ್ತೆ, 15.0 ಅಂತ ಕೊಡಬೇಕು. ಟೈಪ್ ನಮೂದಿಸಿದ ಕಡೆ ಎಡಿಟರ್ ಈ ಭಾಗಾಕಾರಕ್ಕೆ ಎಚ್ಚರಿಕೆ ಕೊಡುತ್ತೆ. ನಮೂದಿಸದೆ ಇದ್ದರೆ ಅದಕ್ಕೂ ಗೊತ್ತಾಗಲ್ಲ, ಸುಮ್ಮನಿರುತ್ತೆ. ಎಲ್ಲಾ ಕಡೆ ಟೈಪ್ ಹಾಕೋದು ಅಭ್ಯಾಸ ಮಾಡ್ಕೊಳ್ಳಿ, ಅರ್ಧ ತಲೆನೋವು ಅಲ್ಲೇ ಹೋಗುತ್ತೆ.

ಸುಸ್ತಿನ ವಿಷಯ: ಲ್ಯಾಬ್ ಮಾನಿಟರ್ 60 ಹರ್ಟ್ಸ್ (ಸೆಕೆಂಡಿಗೆ 60 ಫ್ರೇಮ್), ಮನೇದು 144 ಇರಬೇಕು. ಪ್ರತಿ ಫ್ರೇಮಿಗೆ 0.3 ಅಂದರೆ ಲ್ಯಾಬ್‌ನಲ್ಲಿ ಸೆಕೆಂಡಿಗೆ 18, ಮನೇಲಿ 43. ಸುಸ್ತು ಎಲ್ಲಿಂದ ಆಗಬೇಕು? ಲೆಕ್ಕವನ್ನು ಫಿಸಿಕ್ಸ್ ಪ್ರೊಸೆಸ್‌ಗೆ (ಮಾನಿಟರ್ ಯಾವುದಾದರೂ ಸಮ ಅಂತರದಲ್ಲಿ ಓಡೋ ಫಂಕ್ಷನ್) ತಂದು, 18 × ಡೆಲ್ಟಾ (ಹಿಂದಿನ ಸಲದಿಂದ ಕಳೆದ ಸೆಕೆಂಡು) ಅಂತ ಬರೆಯಿರಿ.

ಮೂರನೇದು ರಿಸೋರ್ಸ್ (ವಸ್ತುವಿನ ಮಾಹಿತಿ ಇಡೋ ಫೈಲು) ಹಂಚಿಕೆ. ಒಂದು ರಿಸೋರ್ಸ್ ಫೈಲನ್ನು ಇಬ್ಬರಿಗೂ ಕೊಟ್ಟರೆ ಗೊಡೋ ಎರಡು ಪ್ರತಿ ಮಾಡಲ್ಲ, ಇಬ್ಬರೂ ಒಂದನ್ನೇ ನೋಡ್ತಾ ಇರ್ತಾರೆ. ಒಬ್ಬ ಬದಲಾಯಿಸಿದರೆ ಇನ್ನೊಬ್ಬನಿಗೂ ಬದಲಾಗುತ್ತೆ. ಡುಪ್ಲಿಕೇಟ್ ಮಾಡಿ ಪಾರಾಗಬಹುದು, ಆದರೆ ನಾನಾದರೆ ಹಾಗೆ ಮಾಡಲ್ಲ. ರಿಸೋರ್ಸ್‌ನಲ್ಲಿ ಬರೀ ವಸ್ತುವಿನ ಗುಣ ಇರಲಿ: ಹೆಸರು, ತೂಕ, ರಕ್ಷಣೆ. ಆಟದ ನಡುವೆ ಅದನ್ನು ಯಾರೂ ಮುಟ್ಟಬಾರದು. ಯಾರು ಏನು ಹಾಕಿಕೊಂಡಿದ್ದಾನೆ ಅನ್ನೋ ಪಟ್ಟಿ ಆಯಾ ಗ್ಲಾಡಿಯೇಟರ್ ನೋಡ್‌ನಲ್ಲಿ (ಆಟದಲ್ಲಿ ಅವನನ್ನು ನಡೆಸೋ ಘಟಕ) ಇರಲಿ. ಹಾಕಿದಾಗ ಕೂಡಿಸಿ, ತೆಗೆದಾಗ ಕಳೆಯೋ ಪದ್ಧತಿ ಇದ್ದರೆ ಅದನ್ನೂ ಬಿಡಿ. ಪಟ್ಟಿ ಬದಲಾದಾಗಲೆಲ್ಲ ತೂಕವನ್ನು ಮೊದಲಿಂದ ಕೂಡಿಸಿ.

ಬೆಲ್ಲದಚ್ಚು:
ಮೂರೂ ಮಾಡ್ದೆ ಅಣ್ಣ, ಮೂರೂ ಸರಿಹೋಯ್ತು. ಆದ್ರೆ ಈಗ ಉಲ್ಟಾ ಆಗೈತೆ. ಸೆಕ್ಯುಟರ್ ವೇಗ 50ಕ್ಕೆ ಬಿತ್ತು, ರೆಟಿಯೇರಿಯಸ್ 122. ಅವ್ನು ಸುತ್ತ ಓಡಾಡ್ಕೊಂಡು ದೂರದಿಂದ ಚುಚ್ತಾ ಇರ್ತಾನೆ, ಇವ್ನು ಕೈಗೇ ಸಿಗಲ್ಲ. ಚುಚ್ಚಿದ್ರೂ ಸಾಯಲ್ಲ ಬೇರೆ, ಒಂದು ಏಟಿಗೆ 2 ಜೀವ ಹೋಯ್ತದೆ. ಒಂದು ಕಾಳಗ ಮುಗಿಯೋಕೆ ಯುಗ ಹಿಡೀತದೆ.

ಕುಕ್ಕರಹಳ್ಳಿ_ಕೋಡರ್:
ಹೌದು, ಈಗ ಬಗ್ ಹೋಗಿ ವಿನ್ಯಾಸದ ತಪ್ಪು ಕಾಣ್ತಿದೆ. ಎರಡು ಸೂತ್ರ ಬದಲಾಯಿಸಬೇಕು.

ಮೊದಲು ಪೆಟ್ಟು. ದಾಳಿಯಿಂದ ರಕ್ಷಣೆ ಕಳೆಯೋ ಸೂತ್ರ ನೋಡೋಕೆ ಸುಲಭ, ಆದರೆ ಎರಡೂ ಸಂಖ್ಯೆ ಹತ್ತಿರ ಬಂದಾಗ ಕೈಕೊಡುತ್ತೆ. ರಕ್ಷಣೆ 16 ಇದ್ದರೆ ಪೆಟ್ಟು 2, ಅಂದರೆ ಸಾಯೋಕೆ 50 ಏಟು. ರಕ್ಷಣೆ 17 ಮಾಡಿ, ಪೆಟ್ಟು 1 ಆಗಿ 100 ಏಟು ಬೇಕಾಗುತ್ತೆ. ಒಂದೇ ಅಂಕಕ್ಕೆ ಆಯಸ್ಸು ದುಪ್ಪಟ್ಟು! ಅದೇ ಒಂದು ಅಂಕವನ್ನು ರೆಟಿಯೇರಿಯಸ್‌ಗೆ ಕೊಟ್ಟರೆ 14 ಇದ್ದದ್ದು 13 ಆಗುತ್ತೆ, ಅಷ್ಟೇ. ಅದಕ್ಕೇ ಭಾರದವನು ಅಜೇಯನಾಗಿದ್ದ. ಇದರ ಬದಲು:

ಪೆಟ್ಟು = ದಾಳಿ × 40 / (40 + ರಕ್ಷಣೆ)

ಈಗ ರಕ್ಷಣೆ 16 ಇದ್ದರೆ 12.9, 17 ಆದರೆ 12.6, ಬರೀ 4 ಇದ್ದವನಿಗೆ 16.4. ಕವಚಕ್ಕೆ ಬೆಲೆ ಇರುತ್ತೆ, ಪವಾಡ ಇರಲ್ಲ. 40ರ ಜಾಗದಲ್ಲಿ ಸಣ್ಣ ಸಂಖ್ಯೆ ಇಟ್ಟರೆ ಕವಚದ ಬೆಲೆ ಏರುತ್ತೆ.

ಇನ್ನು ವೇಗ. ನೇರ ಗೆರೆಯಲ್ಲಿ ಇಳಿಸಿದರೆ ಸಾಮಾನ್ಯ ಹೊರೆಗೂ ಆಟಗಾರ ತೆವಳಬೇಕಾಗುತ್ತೆ. ಕರ್ವ್ ರಿಸೋರ್ಸ್ (ಬಿಂದು ಇಟ್ಟು ಎಳೆಯೋ ಗೆರೆ) ಒಂದು ಮಾಡಿ, ಅದರಿಂದ ಬರೋ ಸಂಖ್ಯೆಯಿಂದ 200 ಅನ್ನು ಗುಣಿಸಿ. ನಾಲ್ಕು ಬಿಂದು ಇಡಿ: ಅನುಪಾತ (ತೂಕ / ಸಾಮರ್ಥ್ಯ) 0ಕ್ಕೆ 1.0, 0.3ಕ್ಕೆ 1.0, 0.7ಕ್ಕೆ 0.85, 1.0ಕ್ಕೆ 0.6. ಬಿಂದುಗಳ ಟ್ಯಾಂಜೆಂಟನ್ನು (ಅಲ್ಲಿ ಗೆರೆಯ ಓರೆ) ಲೀನಿಯರ್ (ನೇರ) ಮಾಡೋದು ಮರೀಬೇಡಿ. ಮರೆತರೆ ಗೆರೆ ಬಾಗುತ್ತೆ, ಟ್ಯಾಂಜೆಂಟ್ ಓರೆಯಾಗಿದ್ದರೆ 0.3ರ ಆಸುಪಾಸು 1.0ಕ್ಕಿಂತ ಮೇಲೆ ಉಬ್ಬಬಹುದು, ಆಗ ಸ್ವಲ್ಪ ತೂಕ ಹೊತ್ತವನು ಬರಿಮೈಯವನಿಗಿಂತ ಜೋರಾಗಿ ಓಡ್ತಾನೆ. ಅನುಪಾತ 1 ದಾಟೋ ಹಾಗೆ ಸಾಮಾನು ಹಾಕೋಕೇ ಬಿಡಬೇಡಿ.

ನಿಮ್ಮ ಲೆಕ್ಕಕ್ಕೆ ಹಾಕಿದರೆ ಸೆಕ್ಯುಟರ್ (0.75) ಸುಮಾರು 162, ರೆಟಿಯೇರಿಯಸ್ (0.39) ಸುಮಾರು 193. ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ಆದರೆ ಮೂಲೆಗೆ ಅಟ್ಟಿ ಹಿಡಿಯೋಕೂ ಆಗುತ್ತೆ.

ಹಾಗಾದರೆ ಭಾರಕ್ಕೆ ನಿಜವಾದ ಶಿಕ್ಷೆ ಎಲ್ಲಿ? ದಮ್ಮಿನಲ್ಲಿ. ತೂಕ ಹೊತ್ತವನು ಮೊದಲ ಹತ್ತು ಸೆಕೆಂಡು ಯಾರಿಗೂ ಕಮ್ಮಿ ಇರಲ್ಲ, ಆಮೇಲೆ ಏದುಸಿರು ಬಿಡಬೇಕು.

ಚೇತರಿಕೆ (ಸೆಕೆಂಡಿಗೆ) = 18 × (1 − 0.5 × ಅನುಪಾತ)

ಸೆಕ್ಯುಟರ್‌ಗೆ 11.25, ರೆಟಿಯೇರಿಯಸ್‌ಗೆ 14.5. ಗುರಾಣಿ ಎತ್ತಿ ಹಿಡಿದಿರುವಷ್ಟು ಹೊತ್ತು ಇದರಲ್ಲಿ ಅರ್ಧ ಮಾಡಿ. ಒಂದು ಏಟಿಗೆ ಖರ್ಚಾಗೋ ದಮ್ಮು 8 + 2 × ಆಯುಧದ ತೂಕ: ಕತ್ತಿಗೆ 10, ತ್ರಿಶೂಲಕ್ಕೆ 14.

ಪಿಕ್ಸೆಲ್_ಪುಟ್ಟಿ (ಮೈಸೂರು):
ಆಯುಧದ ತೂಕಕ್ಕೆ ತಕ್ಕ ಹಾಗೆ ಹೊಡೆತದ ಅನಿಮೇಶನ್ ನಿಧಾನ ಮಾಡ್ತಿದ್ದೀರಾ? ಮಾಡ್ತಿದ್ದರೆ ಪೆಟ್ಟು ತಾಗೋ ಹಿಟ್‌ಬಾಕ್ಸನ್ನು ಟೈಮರ್‌ಗೆ ಕಟ್ಟಬೇಡಿ. ಕತ್ತಿ 0.25 ಸೆಕೆಂಡಿಗೆ ತಗುಲೋ ಹಾಗೆ ಟೈಮರ್ ಇದೆ ಅಂದ್ಕೊಳ್ಳಿ. ಅನಿಮೇಶನ್ ವೇಗ 0.8 ಮಾಡಿದರೆ ಕತ್ತಿ ಅಲ್ಲಿಗೆ ಬರೋದು 0.31ಕ್ಕೆ. ಹಿಟ್‌ಬಾಕ್ಸ್ ಅಷ್ಟರಲ್ಲಿ ಬಂದು ಹೋಗಿರುತ್ತೆ. ನೋಡುವವರಿಗೆ ಕತ್ತಿ ಎದುರಾಳಿಯ ಮೈಯೊಳಗೇ ಹಾದುಹೋದರೂ ಏನೂ ಆಗಿಲ್ಲ ಅನ್ನಿಸುತ್ತೆ. ಅನಿಮೇಶನ್ ಪ್ಲೇಯರ್‌ನಲ್ಲೇ ಮೆಥಡ್ ಟ್ರ್ಯಾಕ್ (ಅನಿಮೇಶನ್ ಗೊತ್ತಾದ ಜಾಗಕ್ಕೆ ಬಂದಾಗ ಫಂಕ್ಷನ್ ಕರೆಯೋ ಸಾಲು) ಹಾಕಿ, ಹಿಟ್‌ಬಾಕ್ಸ್ ಆನ್-ಆಫ್ ಎರಡೂ ಅಲ್ಲಿಂದ ಕರೆಯಿರಿ. ವೇಗ ಏನೇ ಆದರೂ ಎರಡೂ ಒಟ್ಟಿಗೇ ಸಾಗುತ್ತವೆ.

ನಿಧಾನ ಮಾಡೋದಾದರೂ ಕೈ ಎತ್ತೋ ಭಾಗವನ್ನು ಮಾತ್ರ ಮಾಡಿ. ಬೀಸೋ ಭಾಗ ಚುರುಕಾಗೇ ಇರಲಿ. ಎರಡನ್ನೂ ಎಳೆದರೆ ಭಾರದ ಆಯುಧ ಅನ್ನಿಸಲ್ಲ, ನೀರೊಳಗೆ ಹೊಡೆದ ಹಾಗೆ ಕಾಣುತ್ತೆ.

ಗರಡಿ_ಮಣ್ಣು (ಮೈಸೂರು):
ಕೋಡಿಂಗ್ ಬಗ್ಗೆ ಮೇಲಿನವರು ಹೇಳಿದ್ದು ಸರಿ ಇದೆ. ಸಾಮಾನಿನ ಬಗ್ಗೆ ನಾನು ಹೇಳ್ತೀನಿ.

ತೂಕ ಸರಿಯಾಗೇ ಇಟ್ಟಿದ್ದೀರಿ. ಇಟಲಿಯ ಹಳೇ ರೋಮನ್ ಊರು ಪೊಂಪೆಯಲ್ಲಿ ಸಿಕ್ಕ ಗ್ಲಾಡಿಯೇಟರ್ ಶಿರಸ್ತ್ರಾಣಗಳು ಸರಾಸರಿ 4 ಕೆಜಿ ಆಸುಪಾಸು ತೂಗುತ್ತವೆ. ಆದರೆ ರಕ್ಷಣೆಯನ್ನು ಇಡೀ ಮೈಗೆ ಒಂದೇ ಸಂಖ್ಯೆ ಮಾಡಿರೋದು ತಪ್ಪು. ಸೆಕ್ಯುಟರ್‌ಗೆ ಎದೆಗವಚವೇ ಇರಲಿಲ್ಲ. ತಲೆಗೆ ಶಿರಸ್ತ್ರಾಣ, ಕತ್ತಿ ಹಿಡಿಯೋ ಕೈಗೆ ಪಟ್ಟಿ, ಮುಂದಿಡೋ ಎಡಗಾಲಿಗೆ ಕವಚ. ಎದೆ, ಹೊಟ್ಟೆ ಬರಿಮೈ, ಅದನ್ನು ಕಾಯೋದು ಗುರಾಣಿ ಒಂದೇ. ರೆಟಿಯೇರಿಯಸ್‌ಗೆ ಎಡತೋಳು, ಎಡಭುಜ ಬಿಟ್ಟರೆ ಏನೂ ಇಲ್ಲ, ಮುಖವೂ ಬಯಲು. ಎದೆಗವಚ ಹಾಕುತ್ತಿದ್ದ ಪ್ರೊವೊಕೇಟರ್ ಬೇರೆಯದೇ ವರ್ಗ, ಅವನನ್ನು ಆಮೇಲೆ ಸೇರಿಸಿಕೊಳ್ಳಿ.

ಸೆಕ್ಯುಟರ್‌ಗೆ ತಲೆ 22, ಬಲಗೈ 14, ಎಡಗಾಲು 12, ಉಳಿದಿದ್ದೆಲ್ಲ 0 ಅಂತ ಹಂಚಿ. ರೆಟಿಯೇರಿಯಸ್‌ಗೆ ಎಡಭುಜ 14, ಮಿಕ್ಕಿದ್ದು 0. ಈಗ ತ್ರಿಶೂಲ ತಲೆಗೆ ಬಿದ್ದರೆ 11.6, ಬರಿ ಹೊಟ್ಟೆಗೆ ಬಿದ್ದರೆ ಪೂರ್ತಿ 18. ದಮ್ಮು ಮುಗಿದು ಗುರಾಣಿ ಕೆಳಗಿಳಿದ ಗಳಿಗೆಗೆ ಈಗ ಅರ್ಥ ಬಂತು. 7 ಕೆಜಿ ಗುರಾಣಿ ಯಾಕೆ ಹೊರಬೇಕು ಅಂತ ಆಟಗಾರನಿಗೂ ತಿಳಿಯುತ್ತೆ.

ಸೆಕ್ಯುಟರ್ ಶಿರಸ್ತ್ರಾಣ ಮುಖ ಪೂರ್ತಿ ಮುಚ್ಚುತ್ತೆ, ಕಣ್ಣಿಗೆ ಎರಡು ಸಣ್ಣ ತೂತು ಅಷ್ಟೇ. ಬಲೆ ಸಿಕ್ಕಿಕೊಳ್ಳದಿರಲಿ ಅಂತ ಹೊರಮೈ ನುಣುಪಾಗಿ ದುಂಡಗಿರುತ್ತೆ. ಹಾಗಾಗಿ ಅದಕ್ಕೆ ತೂಕ ಒಂದೇ ಸಾಲದು, 'ಉಸಿರು' ಅಂತ ಬೇರೆ ಗುಣ ಬೇಕು: ಮುಚ್ಚಿದ್ದಕ್ಕೆ 0.8, ಬರಿತಲೆಗೆ 1.0. ಚೇತರಿಕೆಯನ್ನು ಇದರಿಂದ ಗುಣಿಸಿದರೆ ಸೆಕ್ಯುಟರ್‌ದು 9ಕ್ಕೆ ಇಳಿಯುತ್ತೆ. ಬಲೆ ಅವನ ತಲೆಗೆ ಸಿಕ್ಕಿಕೊಳ್ಳೋ ಸಾಧ್ಯತೆಯನ್ನೂ ಇಳಿಸಿ, ಅವನಿಗೂ ಏನಾದರೂ ಸಿಗಲಿ.

ಆಯುಧಕ್ಕೆ ಕೆಜಿ ಒಂದೇ ನೋಡಬೇಡಿ. ಗರಡೀಲಿ ಗದೆ ತಿರುಗಿಸಿದವರಿಗೆ ಗೊತ್ತು, ಭಾರ ತುದಿಯಲ್ಲಿದ್ದರೆ ಅದೇ ತೂಕ ಕೈಗೆ ದುಪ್ಪಟ್ಟು ಅನ್ನಿಸುತ್ತೆ. 'ತುದಿಭಾರ' ಅಂತ ಒಂದು ಗುಣಕ ಇಡಿ: ಕತ್ತಿಗೆ 1.0, ತ್ರಿಶೂಲಕ್ಕೆ 1.3. ಏಟಿನ ಖರ್ಚು 14 ಇದ್ದದ್ದು 15.8 ಆಗುತ್ತೆ. ಸುಮ್ಮಸುಮ್ಮನೆ ಚುಚ್ತಾ ಕೂರೋದು ನಿಲ್ಲುತ್ತೆ.

ಮೈಸೂರಿನವರಿಗೆ ಆಟ ತೋರಿಸಿದರೆ ವಜ್ರಮುಷ್ಟಿ ಕಾಳಗದ ಹಂತ ಹಾಕಿ ಅಂತ ಯಾರಾದರೂ ಕೇಳೇ ಕೇಳ್ತಾರೆ. ವಿಜಯದಶಮಿ ದಿನ ಅರಮನೆ ಆವರಣದಲ್ಲಿ ಜಟ್ಟಿಗಳು ಆಡೋ ಕಾಳಗಕ್ಕೆ ಕವಚವೂ ಇಲ್ಲ, ಗುರಾಣಿಯೂ ಇಲ್ಲ, ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ. ನಿಮ್ಮ ತೂಕದ ವ್ಯವಸ್ಥೆಗೆ ಅಲ್ಲಿ ಕೆಲಸವೇ ಇಲ್ಲ, ಜೀವ 100 ಅನ್ನೋದಕ್ಕೂ ಅರ್ಥವಿಲ್ಲ. ಗೆಲುವಿನ ಷರತ್ತನ್ನು ಕೋಡ್‌ನಲ್ಲಿ ಗಟ್ಟಿ ಬರೆಯದೆ ಕಣಕ್ಕೊಂದು ಅಂತ ಬೇರೆ ಇಟ್ಟಿದ್ದರೆ ಮುಂದೆ ಸೇರಿಸೋಕೆ ಸುಲಭ. ಡೆಮೊಗೆ ಮಾತ್ರ ಅದನ್ನು ಮುಟ್ಟಬೇಡಿ.

ಬೆಲ್ಲದಚ್ಚು:
ಸಕ್ಕತ್ ಗುರುಗಳೇ. ಈಗ ಕಾಳಗ ಕಾಳಗದಂಗೆ ಕಾಣ್ತದೆ. ಇನ್ನೊಂದು ಡೌಟು. ಹಂತ ಗೆದ್ದಾಗ ಅಂಕ ಕೊಡ್ತೀವಿ, ಆಡ್ದೋರೆಲ್ಲ ಬಲಕ್ಕೇ ಸುರೀತಾವ್ರೆ. ಚುರುಕು, ಕಸುವು ಅಂತ ಇನ್ನೆರಡು ಗುಣ ಅವೆ, ಯಾರೂ ಮುಟ್ಟಲ್ಲ. ಬಲ ಏರಿದ್ರೆ ದಾಳೀನೂ ಏರ್ತದೆ.

ಕುಕ್ಕರಹಳ್ಳಿ_ಕೋಡರ್:
ಅವರು ಮಾಡ್ತಿರೋದು ಬುದ್ಧಿವಂತಿಕೆಯೇ. ಬಲ ಒಂದೇ ಏರಿಸಿದರೆ ದಾಳಿ ಏರುತ್ತೆ, ಸಾಮರ್ಥ್ಯ ಏರಿ ಅನುಪಾತ ಇಳಿಯುತ್ತೆ, ಅದರಿಂದ ವೇಗವೂ ದಮ್ಮೂ ಏರುತ್ತೆ. ಒಂದು ಅಂಕಕ್ಕೆ ನಾಲ್ಕು ಲಾಭ. ಬೇರೇದಕ್ಕೆ ಯಾಕೆ ಹಾಕ್ತಾರೆ? ಹೊರುವ ಶಕ್ತಿಯನ್ನು ಒಡೆಯಿರಿ:

ಸಾಮರ್ಥ್ಯ = 8 + 0.5 × ಬಲ + 0.5 × ಕಸುವು

ಸೆಕ್ಯುಟರ್‌ಗೆ ಬಲ, ಕಸುವು ಎರಡೂ 12, ರೆಟಿಯೇರಿಯಸ್‌ಗೆ ಎರಡೂ 10 ಕೊಟ್ಟರೆ ಮೊದಲಿನ 20, 18 ಹಾಗೇ ಉಳಿಯುತ್ತೆ, ಮೇಲಿನ ಲೆಕ್ಕ ಯಾವುದೂ ಕೆಡಲ್ಲ. ಗರಿಷ್ಠ ದಮ್ಮನ್ನು 60 + 4 × ಕಸುವು ಮಾಡಿ. ಚುರುಕಿಗೆ ಕೈ ಎತ್ತೋ ಅವಧಿ, ತಿರುಗೋ ವೇಗ ಕೊಡಿ. ಓಟದ ವೇಗ ಕೊಡಬೇಡಿ, ಕೊಟ್ಟರೆ ಮತ್ತೆ ಸುತ್ತ ಓಡೋ ಆಟ ಶುರುವಾಗುತ್ತೆ.

ಸಮತೋಲ ನೋಡೋಕೆ ಕೈಯಲ್ಲಿ ಆಡಿ ನೋಡೋದು ಸಾಲದು, ನಿಮ್ಮ ಕೈಚಳಕ ಲೆಕ್ಕ ಕೆಡಿಸುತ್ತೆ. ಎರಡೂ ಕಡೆ ಕಂಪ್ಯೂಟರನ್ನೇ ಬಿಟ್ಟು 200 ಕಾಳಗ ಓಡಿಸಿ, ಗೆದ್ದವನು ಯಾರು, ಎಷ್ಟು ಸೆಕೆಂಡು ಅನ್ನೋದನ್ನು ಫೈಲಿಗೆ ಬರೆಸಿ. ಟೈಮ್ ಸ್ಕೇಲ್ (ಆಟದ ಕಾಲ ಎಷ್ಟು ಪಟ್ಟು ಓಡಬೇಕು) 8 ಮಾಡಿದರೆ ಬೇಗ ಮುಗಿಯುತ್ತೆ, ಆದರೆ ಜೊತೆಗೆ ಫಿಸಿಕ್ಸ್ ಟಿಕ್ಕನ್ನೂ (ಸೆಕೆಂಡಿಗೆ ಎಷ್ಟು ಸಲ ಫಿಸಿಕ್ಸ್ ಲೆಕ್ಕ) 60ರಿಂದ 480ಕ್ಕೆ ಏರಿಸಲೇಬೇಕು. ಇಲ್ಲದಿದ್ದರೆ ಒಂದೊಂದು ಟಿಕ್ ಎಂಟು ಪಟ್ಟು ಉದ್ದವಾಗಿ, ತ್ರಿಶೂಲದ ಮೊನೆ ಎದುರಾಳಿಗೆ ತಾಗದೆ ಆ ಕಡೆ ಹೋಗಿಬಿಡುತ್ತೆ. ಒಂದು ಫ್ರೇಮಿಗೆ ಗರಿಷ್ಠ 8 ಫಿಸಿಕ್ಸ್ ಹೆಜ್ಜೆ ಅನ್ನೋ ಮಿತಿ ಸೆಟ್ಟಿಂಗ್‌ನಲ್ಲಿದೆ. ಟೈಮ್ ಸ್ಕೇಲ್ 8ಕ್ಕಿಂತ ಜಾಸ್ತಿ ಮಾಡೋದಾದರೆ ಆ ಮಿತಿಯನ್ನೂ ಏರಿಸಿ.

ಸೆಕ್ಯುಟರ್ ಗೆಲುವು ನೂರಕ್ಕೆ 45ರಿಂದ 55ರ ಒಳಗೆ ಬಂದರೆ ಬಿಟ್ಟುಬಿಡಿ. ಸೆಕ್ಯುಟರ್ ಅದಕ್ಕಿಂತ ಜಾಸ್ತಿ ಗೆಲ್ತಿದ್ದರೆ ಚೇತರಿಕೆ ಸೂತ್ರದ 0.5 ಅನ್ನು 0.6 ಮಾಡಿ ಮತ್ತೆ ಓಡಿಸಿ. ಆ ಸಲ ಬೇರೆ ಯಾವ ಸಂಖ್ಯೆಯನ್ನೂ ಮುಟ್ಟಬೇಡಿ.

ಬೆಲ್ಲದಚ್ಚು:
0.6ಕ್ಕೆ ಬಂದು ನಿಂತದೆ ಅಣ್ಣ, ಗೆಲುವು ಹೆಚ್ಚುಕಮ್ಮಿ ಸಮ. ಆದ್ರೆ ಹಳೇ ಸೇವ್ ಫೈಲ್ ತೆಗೆದ್ರೆ ಸೆಕ್ಯುಟರ್ ಇನ್ನೂ 50ರಲ್ಲೇ ತೆವಳ್ತಾವ್ನೆ.

ಕುಕ್ಕರಹಳ್ಳಿ_ಕೋಡರ್:
ವೇಗ, ಸಾಮರ್ಥ್ಯ, ಒಟ್ಟು ತೂಕ ಇವನ್ನೂ ಸೇವ್ ಮಾಡ್ತಿದ್ದೀರಿ. ಅವು ಲೆಕ್ಕ ಹಾಕಿ ಬಂದ ಸಂಖ್ಯೆ, ಫೈಲಿಗೆ ಹೋಗಬಾರದು. ಬಲ, ಚುರುಕು, ಕಸುವು, ಹಾಕಿರೋ ಸಾಮಾನಿನ ಪಟ್ಟಿ, ಸದ್ಯದ ಜೀವ ಇಷ್ಟನ್ನೇ ಬರೆಯಿರಿ. ಲೋಡ್ ಆದ ಮೇಲೆ, ಸಾಮಾನು ಬದಲಾದಾಗ ಕರೆಯೋ ಅದೇ ಫಂಕ್ಷನನ್ನು ಒಂದು ಸಲ ಕರೆಯಿರಿ. ಹಳೇ ಫೈಲಿನಲ್ಲಿ ಕಸುವು 10 ಅಂತಲೇ ಇದ್ದರೆ ಸೆಕ್ಯುಟರ್ ಸಾಮರ್ಥ್ಯ 19 ಬರುತ್ತೆ, ಅದನ್ನು ಮಾತ್ರ ಕೈಯಲ್ಲಿ 12 ಮಾಡಿಕೊಳ್ಳಿ.