ಪದಚರ್ಚೆ: ಬೇಸರ, ಖಿನ್ನತೆ, ಕೀಳರಿಮೆ ಮತ್ತು ‘ಸೆಲ್ಫ್ ಎಸ್ಟೀಮ್’

ಪದಪ್ರಿಯರಿಗೆ ನಮಸ್ಕಾರ.

ಸಾಮಾನ್ಯವಾಗಿ ಕಾಣುವ ಮಾನಸಿಕ ತೊಂದರೆಗಳನ್ನು ಮನೆಮಂದಿಯೇ ಗುರುತಿಸಲು ನೆರವಾಗುವ ಚಿಕ್ಕ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವೈದ್ಯಕೀಯ ವಿಷಯವನ್ನು ತಿಳಿದವರು ತಿದ್ದಿಕೊಡುತ್ತಾರೆ. ನನಗೆ ನಿಮ್ಮ ನೆರವು ಬೇಕಾಗಿರುವುದು ಪದಗಳಿಗೆ. ‘ಖಿನ್ನತೆಯ ಲಕ್ಷಣಗಳು’ ಎಂದು ತಲೆಬರಹ ಕೊಟ್ಟರೆ, ಅದು ಇರುವವರೇ ಪುಟ ತಿರುವಿ ಮುಂದೆ ಹೋಗುತ್ತಾರೆ. ತಮಗೆ ಆಗುತ್ತಿರುವುದನ್ನು ಅವರು ಖಿನ್ನತೆ ಎಂದು ಕರೆದುಕೊಳ್ಳುವುದೇ ಇಲ್ಲ. ‘ಯಾಕೋ ಬೇಜಾರು’, ‘ಮನಸ್ಸೇ ಸರಿಯಿಲ್ಲ’, ‘ಏನೂ ಬೇಡ ಅನ್ಸುತ್ತೆ’ ಎನ್ನುತ್ತಾರೆ. ಹಾಗಾಗಿ ಜನರ ಬಾಯಲ್ಲಿರುವ ಮಾತಿನಿಂದಲೇ ಶುರುಮಾಡಬೇಕು ಎಂಬುದು ನನ್ನ ನಿಲುವು. ಶುರುಮಾಡಿದ ಕೂಡಲೇ ತೊಡಕುಗಳೂ ಎದುರಾಗಿವೆ.

ಮೊದಲ ತೊಡಕು ‘ಬೇಸರ’. ಹೊತ್ತು ಹೋಗದಿದ್ದರೆ ಬೇಸರ, ಕೆಟ್ಟ ಸುದ್ದಿ ಕೇಳಿದರೆ ಬೇಸರ, ಯಾರಾದರೂ ಬಿರುಸಾಗಿ ಮಾತಾಡಿದರೆ ಬೇಸರ. ‘ಬೇಸರ ಮಾಡ್ಕೋಬೇಡಿ’ ಎಂದರೆ ಕ್ಷಮಿಸಿ ಎಂದೂ ಆಗುತ್ತದೆ. ಇಷ್ಟೆಲ್ಲವನ್ನೂ ಹೊತ್ತ ಪದವನ್ನು ಪ್ರಶ್ನೆಯಲ್ಲಿಟ್ಟು ‘ನಿಮಗೆ ಬೇಸರವಾಗುತ್ತದೆಯೇ’ ಎಂದು ಕೇಳಿದರೆ ಹೌದು ಎನ್ನದವರು ಯಾರು? ಖಿನ್ನತೆಯನ್ನು ಬೇರೆಯಾಗಿ ತೋರಿಸುವುದು ಅದರ ಅವಧಿ ಮತ್ತು ಹರವು. ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲವೇ ಮೊದಲು ಹಿಡಿಸುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿರಬೇಕು. ಇವೆರಡರಲ್ಲಿ ಒಂದಾದರೂ ಇದ್ದು, ನಿದ್ದೆ, ಹಸಿವು, ಸುಸ್ತು, ಏಕಾಗ್ರತೆ, ಚಲನೆಯ ನಿಧಾನ ಅಥವಾ ಚಡಪಡಿಕೆ, ತಾನು ನಿಷ್ಪ್ರಯೋಜಕ ಎಂಬ ಭಾವನೆ, ಸಾವಿನ ಯೋಚನೆ ಇವೂ ಸೇರಿ ಒಟ್ಟು ಒಂಬತ್ತರಲ್ಲಿ ಐದು ಕಂಡುಬಂದರೆ ವೈದ್ಯರು ಅದನ್ನು ಖಿನ್ನತೆ ಎನ್ನುತ್ತಾರೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇವನ್ನೇ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರನ್ನು ಕಾಣಲು ಹೇಳುವುದು ವಾಡಿಕೆ. ಪಟ್ಟಿ ಸುಳಿವು ಕೊಡುತ್ತದೆ ಅಷ್ಟೇ, ರೋಗ ನಿರ್ಣಯ ಮಾಡುವುದಿಲ್ಲ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ ಇದೇ ಸುಸ್ತು, ಇದೇ ಮಂಕು ಬರಬಹುದು.

‘ಖಿನ್ನ’ ಎಂಬ ಸಂಸ್ಕೃತ ಪದಕ್ಕೆ ದುಃಖಿ ಎಂಬಂತೆ ಬಳಲಿದ, ಸೋತ ಎಂಬ ಅರ್ಥವೂ ಇದೆ. ಆ ಬಳಲಿಕೆಯ ಅಂಶ ಇಂದಿನ ಬಳಕೆಯಲ್ಲಿ ಮರೆಯಾಗಿಬಿಟ್ಟಿದೆ. ಖಿನ್ನತೆ ಎಂದರೆ ಅಳುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅಳುವೇ ಬಾರದಿರುವುದು, ಸ್ನಾನಕ್ಕೆ ಏಳುವುದೂ ಬೆಟ್ಟ ಹೊತ್ತಂತಾಗುವುದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಇವನ್ನು ಯಾರೂ ಆ ಲೆಕ್ಕಕ್ಕೆ ತರುವುದಿಲ್ಲ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ದುಃಖದ ಜಾಗದಲ್ಲಿ ಸಿಡಿಮಿಡಿಯೇ ಕಾಣಿಸಬಹುದು. ಅದಕ್ಕೆ ನಾವು ಕೊಡುವ ಹೆಸರು ‘ಹಟ’, ‘ಕೊಬ್ಬು’. ವಯಸ್ಸಾದವರಲ್ಲಿ ಖಿನ್ನತೆ ಮೈಕೈ ನೋವಾಗಿ, ಹೊಟ್ಟೆಯ ತೊಂದರೆಯಾಗಿ ಬರಬಹುದು. ತಪ್ಪು ಹೆಸರಿಟ್ಟರೆ ಬೈಗುಳ ಸಿಗುತ್ತದೆ, ಆರೈಕೆ ಸಿಗುವುದಿಲ್ಲ. ಈ ಚರ್ಚೆ ನನಗೆ ಬರೀ ನಿಘಂಟಿನ ಕೆಲಸವಾಗಿ ಕಾಣದಿರುವುದು ಈ ಕಾರಣಕ್ಕೆ.

ಇಲ್ಲೇ ಒಂದು ತಕರಾರು. ಸುದ್ದಿಗಳಲ್ಲಿ ‘ಜೀವನದಲ್ಲಿ ಜುಗುಪ್ಸೆಗೊಂಡು ಆತ್ಮಹತ್ಯೆಗೆ ಶರಣು’ ಎಂಬ ಸಿದ್ಧ ವಾಕ್ಯ ಎಷ್ಟೋ ವರ್ಷಗಳಿಂದ ಅಚ್ಚಾಗುತ್ತಿದೆ. ಜುಗುಪ್ಸೆ ಎಂದರೆ ಹೇಸಿಗೆ, ಕಾವ್ಯಮೀಮಾಂಸೆಯಲ್ಲಿ ಬೀಭತ್ಸ ರಸದ ಸ್ಥಾಯಿಭಾವ. ಕಾಯಿಲೆಯೊಂದರ ಹಿಡಿತದಲ್ಲಿದ್ದವರು ಬದುಕನ್ನು ತೂಗಿ ನೋಡಿ ಹೇಸಿದರು ಎಂಬ ಅರ್ಥವನ್ನು ಆ ಪದ ಕೊಡುತ್ತದೆ. ‘ಶರಣು’ ಎಂಬುದಂತೂ ಭಕ್ತಿಯ ಮಾತು. ಇವೆರಡನ್ನೂ ದಯವಿಟ್ಟು ಕೈಬಿಡೋಣ. ‘ಆತ್ಮಹತ್ಯೆಯಿಂದ ತೀರಿಕೊಂಡರು’ ಎಂದರೆ ಸಾಕು. ಮನೆಯಲ್ಲಿ ಯಾರಾದರೂ ‘ನಾನಿಲ್ದಿದ್ರೆ ನಿಮಗೆಲ್ಲ ಆರಾಮ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರೆ, ತಮ್ಮ ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು.

‘ಆತಂಕ’ದ ಕಡೆ ಬರುತ್ತೇನೆ. ‘ಅಡ್ಡಿ ಆತಂಕಗಳಿಲ್ಲದೆ’ ಎನ್ನುವಾಗ ಅದು ತಡೆ, ‘ಪರೀಕ್ಷೆಯ ಆತಂಕ’ ಎನ್ನುವಾಗ ಅಂಜಿಕೆ. ಕಾಯಿಲೆಯ ಹೆಸರಾಗಿಯೂ ಇದೇ ಪದ ನೆಲೆಯೂರಿದೆ. ನನಗೆ ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ಆರು ತಿಂಗಳು, ಬಹುತೇಕ ದಿನ, ಒಂದು ಚಿಂತೆ ಮುಗಿಯುವ ಮೊದಲೇ ಇನ್ನೊಂದು ಹುಟ್ಟುತ್ತ ಹೋಗುವ ಸ್ಥಿತಿಗೆ ‘ತಳಮಳ’ ಹೆಚ್ಚು ಹತ್ತಿರ ಎನ್ನಿಸುತ್ತದೆ. ಪ್ಯಾನಿಕ್ ಅಟ್ಯಾಕ್‌ಗೆ ‘ದಿಗಿಲು’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ದಿಗಿಲು ಮೆಲ್ಲಗೆ ಬರುವುದಿಲ್ಲ, ಬಡಿಯುತ್ತದೆ. ಎದೆ ಡವಗುಟ್ಟಿ, ಉಸಿರು ಸಿಕ್ಕಿಹಾಕಿಕೊಂಡಂತಾಗಿ, ಕೈಕಾಲು ನಡುಗಿ, ಈಗಲೇ ಸತ್ತುಹೋಗುತ್ತೇನೆ ಎನ್ನಿಸುವ ಆ ಸ್ಥಿತಿ ಕೆಲವೇ ನಿಮಿಷಗಳಲ್ಲಿ ತಾರಕಕ್ಕೇರಿ ಆಮೇಲೆ ಇಳಿಯುತ್ತದೆ. ಮೊದಲ ಸಲವಾದರೆ ಹೃದಯದ ತೊಂದರೆ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ‘ದಿಗಿಲುಬಡಿತ’ ಎಂದು ಬರೆಯಬಹುದೇ? ಹೊಸದಾದರೂ ಕೇಳಿದ ತಕ್ಷಣ ತಿಳಿಯುತ್ತದೆ ಎಂಬ ಭರವಸೆ ನನಗಿದೆ.

‘ಗೀಳು’ ಬಗ್ಗೆ ಎರಡೇ ಮಾತು. ಓದಿನ ಗೀಳು, ಆಟದ ಗೀಳು ಎಂದಾಗ ಅದರಲ್ಲಿ ಖುಷಿಯಿದೆ. ಗೀಳು ಎಂದೇ ಕರೆಯುವ ಒಸಿಡಿ ಕಾಯಿಲೆಯಲ್ಲಿ ಮತ್ತೆ ಮತ್ತೆ ಬರುವ ಯೋಚನೆ ಆ ವ್ಯಕ್ತಿಗೇ ಬೇಡದ್ದು. ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತನ್ನು ಅದು ತಿಂದುಹಾಕುತ್ತದೆ. ಗೀಳು ಎಂಬ ಒಂದೇ ಪದ ಎರಡನ್ನೂ ಹೊರಬೇಕಾದರೆ ‘ಬೇಡದ ಗೀಳು’ ಎಂದಾದರೂ ಬರೆಯೋಣ.

ಇನ್ನು ನನ್ನನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ. ಸೆಲ್ಫ್ ಎಸ್ಟೀಮ್‌ಗೆ ಏನೆನ್ನೋಣ? ನಿಘಂಟುಗಳು ಸ್ವಾಭಿಮಾನ, ಆತ್ಮಗೌರವ ಎನ್ನುತ್ತವೆ. ಸ್ವಾಭಿಮಾನಿ ಎಂದರೆ ಯಾರ ಮುಂದೂ ಕೈಚಾಚದವನು, ಅವಮಾನ ಸಹಿಸದವನು. ಅದು ಇತರರ ಎದುರು ತೋರುವ ನಿಲುವು. ಹೊರಗೆ ಅಂಥ ಸ್ವಾಭಿಮಾನಿಯಾಗಿದ್ದು ಒಳಗೆ ತನ್ನನ್ನು ತಾನು ಹೀಗಳೆಯುತ್ತಿರುವವರು ಎಷ್ಟೋ ಮಂದಿ. ಸೆಲ್ಫ್ ಎಸ್ಟೀಮ್ ಒಳಗಿನ ಬೆಲೆಕಟ್ಟುವಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಅದನ್ನು ಒಂದು ಭಾಗಾಕಾರವಾಗಿ ಬರೆದ: ನಾವು ಸಾಧಿಸಿದ್ದನ್ನು ನಮ್ಮ ನಿರೀಕ್ಷೆಯಿಂದ ಭಾಗಿಸಿದರೆ ಬರುವುದು ಅದು. 1965ರಲ್ಲಿ ಸಮಾಜಶಾಸ್ತ್ರಜ್ಞ ಮಾರಿಸ್ ರೋಸನ್‌ಬರ್ಗ್ ರೂಪಿಸಿದ ಹತ್ತು ವಾಕ್ಯಗಳ ಅಳತೆಪಟ್ಟಿ ಇಂದಿಗೂ ಬಳಕೆಯಲ್ಲಿದೆ. ತನಗೂ ಬೆಲೆಯಿದೆ ಎಂದುಕೊಳ್ಳುವುದೇ ಅವನ ಪ್ರಕಾರ ಉತ್ತಮ ಸೆಲ್ಫ್ ಎಸ್ಟೀಮ್. ಇತರರಿಗಿಂತ ಮೇಲು ಎಂದುಕೊಳ್ಳಬೇಕಾಗಿಲ್ಲ. ಅಭಿಮಾನ, ಗೌರವ ಎಂಬ ಪದಗಳಲ್ಲಿ ಈ ತಣ್ಣನೆಯ ಸಮಾಧಾನ ಸಿಗುವುದಿಲ್ಲ.

ಆತ್ಮವಿಶ್ವಾಸ? ಅದು ಕೈಯ ಕೆಲಸಕ್ಕೆ ಸಂಬಂಧಿಸಿದ್ದು. ‘ನನ್ನ ಕೈಲಾಗಲ್ಲ’ ಎನ್ನುವವರಿಗೆ ಆತ್ಮವಿಶ್ವಾಸ ಕಡಿಮೆ. ‘ಕೈಲಾಯ್ತು, ಆದ್ರೂ ನಾನೇನು ದೊಡ್ಡವನಲ್ಲ, ಹೇಗೋ ಆಗಿಹೋಯ್ತು’ ಎನ್ನುವವರ ತೊಂದರೆ ಬೇರೆ. ಮೆಚ್ಚುಗೆಯನ್ನು ಅದೃಷ್ಟದ ಖಾತೆಗೆ ಹಾಕುತ್ತಾರೆ, ಬೈಗುಳವನ್ನು ಮಾತ್ರ ತಮ್ಮ ಖಾತೆಗೆ. ತಮ್ಮದಲ್ಲದ ತಪ್ಪಿಗೂ ಸಾರಿ ಕೇಳುತ್ತಾರೆ. ಒಂದು ತಪ್ಪಾದರೆ ‘ಕೆಲಸ ಕೆಟ್ಟಿತು’ ಎನ್ನುವುದಿಲ್ಲ, ‘ನಾನೇ ಸರಿಯಿಲ್ಲ’ ಎನ್ನುತ್ತಾರೆ. ಗುರುತಿಸಲು ಇದಕ್ಕಿಂತ ಸ್ಪಷ್ಟ ಸುಳಿವು ನನಗೆ ಕಂಡಿಲ್ಲ.

ಕೀಳರಿಮೆ ಆಗಬಹುದಲ್ಲ ಎಂದು ಕೆಲವರು ಸೂಚಿಸಿದರು. ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ವಿವರಿಸಿದ ಇನ್‌ಫೀರಿಯಾರಿಟಿ ಕಾಂಪ್ಲೆಕ್ಸ್‌ಗೆ ಅದು ಚೆನ್ನಾಗಿ ಒಗ್ಗಿದ ಪದ. ಆದರೆ ಬಳಕೆಯಲ್ಲಿ ಅದು ಆಪಾದನೆಯಾಗಿದೆ. ‘ಅವನಿಗೆ ಕೀಳರಿಮೆ’ ಎಂದು ಬೇರೆಯವರ ಬಗ್ಗೆ ಹೇಳುತ್ತೇವೆ, ‘ನನಗೆ ಕೀಳರಿಮೆ ಇದೆ, ಸಹಾಯ ಮಾಡಿ’ ಎಂದು ಹೇಳಿಕೊಳ್ಳುವವರು ಅಪರೂಪ. ಮೊದಲೇ ಕುಗ್ಗಿದವರ ಹಣೆಗೆ ‘ಕೀಳು’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅದೂ ಅಲ್ಲದೆ, ಸೆಲ್ಫ್ ಎಸ್ಟೀಮ್ ಕಡಿಮೆಯಿರುವುದು ತಾನಾಗಿ ಒಂದು ಕಾಯಿಲೆಯಲ್ಲ. ಖಿನ್ನತೆಯ ಜೊತೆಗೆ, ಆತಂಕದ ಜೊತೆಗೆ ಅದು ಹೆಣೆದುಕೊಂಡಿರಬಹುದು, ಹಾಗೇ ಒಂಟಿಯಾಗಿಯೂ ಇರಬಹುದು.

ಆಡುಮಾತಿನಲ್ಲಿ ಇದಕ್ಕೆ ತೀರ ಸಮೀಪವಿರುವುದು ‘ಲೆಕ್ಕ’. ‘ನಾನ್ಯಾವ ಲೆಕ್ಕ’, ‘ನನ್ನನ್ಯಾರು ಲೆಕ್ಕಕ್ಕಿಡ್ತಾರೆ’. ಜೇಮ್ಸ್‌ನ ಭಾಗಾಕಾರಕ್ಕೂ ಹೊಂದುತ್ತದೆ. ಅಡಚಣೆಯೆಂದರೆ ‘ನಾನ್ಯಾವ ಲೆಕ್ಕ ಬಿಡಿ’ ಎಂಬುದು ವಿನಯದ ಮಾತೂ ಹೌದು. ದೊಡ್ಡ ವಿದ್ವಾಂಸರೂ ‘ಏನೋ ಅಲ್ಪಸ್ವಲ್ಪ ಬಲ್ಲೆ’ ಎನ್ನುತ್ತಾರೆ, ಹಾಗೆ ಹೇಳಿ ನೆಮ್ಮದಿಯಿಂದ ಇರುತ್ತಾರೆ. ವಿನಯವೋ ನೋವೋ ಎಂದು ಮಾತಿನಿಂದ ಮಾತ್ರ ತಿಳಿಯದು. ವಿನಯವಂತರು ಹೊಸ ಅವಕಾಶ ಬಂದರೆ ಒಪ್ಪಿಕೊಳ್ಳುತ್ತಾರೆ, ಒಬ್ಬರೇ ಇದ್ದಾಗ ತಮ್ಮನ್ನು ಹಳಿದುಕೊಳ್ಳುವುದಿಲ್ಲ. ನೊಂದವರು ಅವಕಾಶದಿಂದ ಹಿಂದೆ ಸರಿದು, ರಾತ್ರಿಯೆಲ್ಲ ಅದೇ ಮಾತನ್ನು ತಿರುವಿಹಾಕುತ್ತಾರೆ. ಇಂಥ ಸಂಕಟವನ್ನು ಹೇಳಿಕೊಳ್ಳಲು ಪ್ರತಿ ಸಮುದಾಯಕ್ಕೂ ತನ್ನದೇ ನುಡಿಗಟ್ಟುಗಳಿರುತ್ತವೆ ಎಂದು ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1981ರಲ್ಲೇ ತೋರಿಸಿದ್ದಾರೆ. ನಮ್ಮ ನುಡಿಗಟ್ಟುಗಳನ್ನು ನಾವೇ ಕಲೆಹಾಕುವುದು ಬಾಕಿಯಿದೆ.

‘ನಾನಿರುವಷ್ಟೇ ಸಾಕು’ ಎಂಬ ಭಾವದಿಂದ ‘ಸಾಕೆನಿಕೆ’ ಎಂದೊಂದು ಪದ ಕಟ್ಟಿ ನೋಡಿದೆ. ‘ಸಾಕಾಗಿದೆ ಈ ಬದುಕು’ ಎಂಬ ಅರ್ಥವೇ ಮೊದಲು ಹೊಳೆಯುವುದರಿಂದ ಬಿಟ್ಟುಬಿಟ್ಟೆ. ಸದ್ಯ ಕೈಪಿಡಿಯಲ್ಲಿ ‘ತನ್ನ ಬೆಲೆಯ ಅರಿವು’ ಎಂದು ಬಿಡಿಸಿ ಬರೆದಿದ್ದೇನೆ. ‘ತನ್ನ ಬೆಲೆಯ ಅರಿವು ಕುಗ್ಗಿರುವುದು’ ಉದ್ದವಾಯಿತು, ಆದರೆ ಯಾರನ್ನೂ ನೋಯಿಸುವುದಿಲ್ಲ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಇದಕ್ಕೆ ಒಂದೇ ಪದದ ಪರ್ಯಾಯ ನಿಮ್ಮ ಕಡೆಯ ಆಡುಮಾತಿನಲ್ಲಿದೆಯೇ? ‘ಯಾವುದೂ ಹಿಡಿಸುತ್ತಿಲ್ಲ, ಖುಷಿ ಎನ್ನುವುದೇ ಆಗುತ್ತಿಲ್ಲ’ ಎಂಬ ಸ್ಥಿತಿಗೆ, ಬೇಸರ ಎಂಬ ಪದವನ್ನು ತಪ್ಪಿಸಿ, ಹಿರಿಯರು ಏನನ್ನುತ್ತಿದ್ದರು? ನಿಘಂಟಿನ ಅರ್ಥಕ್ಕಿಂತ, ಆ ಪದವನ್ನು ಯಾರು ಯಾವ ಸಂದರ್ಭದಲ್ಲಿ ಹೇಳಿದ್ದನ್ನು ಕೇಳಿದ್ದೀರಿ ಎಂಬುದನ್ನು ಪೂರ್ತಿ ವಾಕ್ಯದಲ್ಲಿ ಬರೆದು ತಿಳಿಸಿದರೆ ಹೆಚ್ಚು ಉಪಯೋಗವಾಗುತ್ತದೆ.