ಡ್ರಾಯರಿನಲ್ಲಿದ್ದ ಪಿಸ್ಟನ್

(ಮನೆಯವರ ಚಾಟ್ ಗುಂಪಿನಲ್ಲಿ ಡಲ್ಲಾಸಿನ ಪ್ರಕಾಶ ಒಂದು ವಿಡಿಯೊ ಹಂಚಿಕೊಂಡಿದ್ದಾನೆ: ‘ಮನೆಯ ಏಸಿಯ ಪಿಸ್ಟನ್ ಸೀಲ್ ನೀವೇ ಬದಲಿಸಿ’)

ಪ್ರಕಾಶ: ಎರಡು ಸ್ಪ್ಯಾನರ್, ಒಂದು ಟೆಫ್ಲಾನ್ ಉಂಗುರ, ಇಷ್ಟೇ ಕೆಲಸ. ಇಲ್ಲಿಗೆ ಬಂದ ಮೆಕ್ಯಾನಿಕ್ ಒಳಗಿನ ಕಾಯಿಲನ್ನೇ, ಗಾಳಿ ತಂಪು ಮಾಡುವ ಕೊಳವೆಯ ಸುರುಳಿಯನ್ನೇ, ಬದಲಿಸಬೇಕು ಎಂದು ಹೇಳಿ ಹೋದ. ಶನಿವಾರ ನಾನೇ ಕೈ ಹಾಕುತ್ತೇನೆ.

ಅಮ್ಮ: ಡಲ್ಲಾಸಿನ ಬಿಸಿಲಿನಲ್ಲಿ ಏಸಿ ಬಿಚ್ಚಿಟ್ಟುಕೊಂಡು ಕೂರಬೇಡ, ಮನೆಯಲ್ಲಿ ಮಗುವಿದೆ. ಶಿವಣ್ಣಾ, ಸ್ವಲ್ಪ ಬುದ್ಧಿ ಹೇಳು.

ಶಿವಣ್ಣ ಮಾವ: ಬಳ್ಳಾರಿಯಲ್ಲಿ ನಾನು ಬಿಚ್ಚುವ ಸ್ಪ್ಲಿಟ್ ಏಸಿಗಳಲ್ಲಿ ಕ್ಯಾಪಿಲರಿ ಎಂಬ ಸಣ್ಣ ಕೊಳವೆ ಇರುತ್ತದೆ, ಇನ್ವರ್ಟರ್ ಆದರೆ ಎಲೆಕ್ಟ್ರಾನಿಕ್ ವಾಲ್ವ್. ನಿಮ್ಮಲ್ಲಿ ಅದೇ ಕೆಲಸಕ್ಕೆ ಬೆರಳ ತುದಿಯಷ್ಟು ಹಿತ್ತಾಳೆಯ ಪಿಸ್ಟನ್. ದ್ರವವನ್ನು ಕಿರಿದಾದ ತೂತಿನಲ್ಲಿ ನುಗ್ಗಿಸಿ ಒತ್ತಡ ಇಳಿಸುವುದೇ ಅದರ ಕಸುಬು. ವಿಡಿಯೊ ಹಾಗಿರಲಿ, ಮೆಕ್ಯಾನಿಕ್‌ನ ಒತ್ತಡದ ಗೇಜ್ ಎಷ್ಟು ತೋರಿಸಿತು?

ಪ್ರಕಾಶ: ಬಿಲ್ಲಿನ ಹಿಂದೆ ಬರೆದಿದ್ದಾನೆ. ಗ್ಯಾಸ್ ಆರ್-410ಎ. ಸಕ್ಷನ್, ಅಂದರೆ ಕಂಪ್ರೆಸರಿಗೆ ಮರಳುವ ಕಡೆಯ ಒತ್ತಡ, 150 ಪಿಎಸ್‌ಐ; ಹೆಡ್, ಅದು ಹೊರದೂಡುವ ಕಡೆಯದು, 330. ಸಕ್ಷನ್ ಪೈಪು 55 ಡಿಗ್ರಿ ಫ್ಯಾರನ್‌ಹೀಟ್, ಹೊರಗೆ 95.

ಸುಮಾ: ಅಣ್ಣ, ಅಮೆರಿಕದಲ್ಲಿ ಗ್ಯಾಸಿನ ಲೈನ್ ಬಿಚ್ಚಲು ಶುದ್ಧ ಗಾಳಿ ಕಾಯ್ದೆಯ ಸೆಕ್ಷನ್ 608ರ ಪ್ರಮಾಣಪತ್ರ ಬೇಕು. ಬೇಕೆಂದೇ ಗಾಳಿಗೆ ಬಿಡುವುದು ಕಾನೂನುಬಾಹಿರ. 410ಎ ಓಜೋನನ್ನು ಕೆಡಿಸುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿನ ಎರಡು ಸಾವಿರ ಪಟ್ಟು.

ಪ್ರಕಾಶ: ಗಾಳಿಗೆ ಬಿಡುವವರು ಯಾರು? ಲಿಕ್ವಿಡ್ ವಾಲ್ವ್ ಮುಚ್ಚಿ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದುಕೊಂಡು ಆಮೇಲೆ ಬಿಚ್ಚುವುದು. ವಿಡಿಯೊದಲ್ಲಿ ಅದೂ ಇದೆ.

ಸುಮಾ: ಪ್ರಮಾಣಪತ್ರವೂ ವಿಡಿಯೊದಲ್ಲೇ ಇದೆಯೇ?

ಶಿವಣ್ಣ ಮಾವ: ಜಗಳ ಆಮೇಲೆ. ಮುಚ್ಚಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ಏನು ಮಾಡುತ್ತೀಯ? 410ಎ ಜೊತೆ ಕಂಪ್ರೆಸರಿಗೆ ಹಾಕುವ ಪಿಒಇ ಎಂಬ ಎಣ್ಣೆ ತೇವವನ್ನು ಹೀರುತ್ತಲೇ ಇರುತ್ತದೆ. ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು, ಪಂಪಿನಿಂದ ಗಾಳಿ ಹೀರಿ ಒತ್ತಡ 500 ಮೈಕ್ರಾನಿಗಿಂತ ಕೆಳಗಿಳಿಯುವಂತೆ ವ್ಯಾಕ್ಯೂಮ್ ಎಳೆಯಬೇಕು, ತೇವ ಹಿಡಿಯುವ ಡ್ರೈಯರ್ ಬದಲಿಸಬೇಕು. ಉಂಗುರದ ಬೆಲೆ ಕೇಳಿ ಹಿಗ್ಗಬೇಡ, ಪಂಪಿನ ಬಾಡಿಗೆ ಕೇಳು.

ಪ್ರಕಾಶ: ಹಾಗಾದರೆ ಕಾಯಿಲ್ ಬದಲಿಸಿ ಎಂದವನೇ ಸರಿಯೇ ಮಾವ?

ಶಿವಣ್ಣ ಮಾವ: ಅವನೂ ಸರಿಯಲ್ಲ, ನೀನೂ ಸರಿಯಲ್ಲ. ನಟ್ಟಿನ ಬಳಿಯ ಉಂಗುರ ಸೋರಿದರೆ ಗ್ಯಾಸ್ ಹೊರಗೆ ಹೋಗಿ ಸಕ್ಷನ್ ಇಳಿಯುತ್ತದೆ. ನಿನ್ನದು ಏರಿದೆ. 150ಕ್ಕೆ 410ಎ ಕುದಿಯುವುದು ಸುಮಾರು 53 ಡಿಗ್ರಿಗೆ, ಪೈಪು 55. ಈ ಅಂತರವೇ ಸೂಪರ್‌ಹೀಟ್, ನಿನ್ನದು ಬರೀ ಎರಡು. ಹತ್ತರ ಆಸುಪಾಸಿನಲ್ಲಿ ಇರಬೇಕಿತ್ತು. ಕಂಪ್ರೆಸರ್ ಸೊರಗಿದ್ದರೂ ಸಕ್ಷನ್ ಏರುತ್ತದೆ, ಆದರೆ ಆಗ ಸೂಪರ್‌ಹೀಟ್ ಇಷ್ಟು ಕಡಿಮೆ ಇರುವುದು ಅಪರೂಪ. ಕಾಯಿಲಿಗೆ ಬೇಕಾದದ್ದಕ್ಕಿಂತ ಹೆಚ್ಚು ದ್ರವ ನುಗ್ಗುತ್ತಿದೆ. ಹೀಗೇ ಓಡಿಸಿದರೆ ಕಂಪ್ರೆಸರಿನೊಳಕ್ಕೆ ದ್ರವ ಸೇರಿ ಅದು ಕೆಡುತ್ತದೆ.

ಪ್ರಕಾಶ: ಪಿಸ್ಟನ್ ಸರಿಯಾಗಿ ಕೂರದೆ ಪಕ್ಕದಿಂದ ಹರಿಯುತ್ತಿರಬಹುದಲ್ಲ? ಅಂದರೆ ಸೀಲೇ!

ಶಿವಣ್ಣ ಮಾವ: ಇರಬಹುದು. ಇಲ್ಲವೇ ತೂತೇ ದೊಡ್ಡದು. ಹೋದ ವರ್ಷ ಹೊರಗಿನ ಯೂನಿಟ್ ಬದಲಿಸಿದ್ದೆಯಲ್ಲ, ಹಳೆಯದು ಎಷ್ಟು ಟನ್?

ಪ್ರಕಾಶ: ನಾಲ್ಕು. ಈಗಿನದು ಮೂರು. ಒಳಗಿನ ಕಾಯಿಲ್ ಹಳೆಯದೇ.

ಶಿವಣ್ಣ ಮಾವ: ಹೊಸ ಯೂನಿಟ್ಟಿನ ಜೊತೆ ಅದಕ್ಕೆ ಹೊಂದುವ ಪಿಸ್ಟನ್ ಒಂದು ಸಣ್ಣ ಚೀಲದಲ್ಲಿ ಬಂದಿರಬೇಕು. ಅದನ್ನು ಹಾಕಿದರೇ?

(ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ.)

ಪ್ರಕಾಶ: ಗ್ಯಾರೇಜಿನ ಡ್ರಾಯರಿನಲ್ಲಿ ಹಳೆಯ ಬ್ಯಾಟರಿಗಳ ಕೆಳಗೆ ಸಿಕ್ಕಿತು. ಚೀಲ ಒಡೆದೇ ಇಲ್ಲ. ಹಿತ್ತಾಳೆಯ ಪಿಸ್ಟನ್, ಪಕ್ಕದಲ್ಲಿ ಬಿಳಿ ಉಂಗುರ. ಮೇಲೆ 63 ಎಂದು ಕೆತ್ತಿದೆ.

ಶಿವಣ್ಣ ಮಾವ: ತೂತು 0.063 ಇಂಚು. ಹೊರಗಿನ ಯೂನಿಟ್ಟಿಗೆ ಅಂಟಿಸಿದ ವಿವರದ ಪಟ್ಟಿಯ ಮೇಲೆ ಅದೇ ಅಂಕಿ ಇದೆಯೇ ನೋಡು.

ಪ್ರಕಾಶ: ಇದೆ.

ಅಮ್ಮ: ಒಂದು ವರ್ಷದಿಂದ ಡ್ರಾಯರಿನಲ್ಲಿಟ್ಟುಕೊಂಡು ಕರೆಂಟ್ ಬಿಲ್ ಹೆಚ್ಚಾಯಿತು ಎಂದು ನನಗೆ ಹೇಳುತ್ತಿದ್ದೆಯಲ್ಲ!

ಪ್ರಕಾಶ: ಯೂನಿಟ್ ಕೂರಿಸಿದವರು ಕೈಗೆ ಕೊಟ್ಟು ಹೋದರು, ಬಿಡಿಭಾಗ ಅಂದುಕೊಂಡೆ.

ಸುಮಾ: ಪ್ರಮಾಣಪತ್ರ ಇರುವವರನ್ನು ಕರೆಸುತ್ತೀಯ ತಾನೇ?

ಪ್ರಕಾಶ: ಕರೆಸುತ್ತೇನೆ. ಪಕ್ಕದಲ್ಲಿ ನಿಂತು ನೋಡುತ್ತೇನೆ, ಅಷ್ಟೇ.

ಶಿವಣ್ಣ ಮಾವ: ಚೂಪು ಮುಖ ಯಾವ ಕಡೆಗೆ ಇತ್ತು ಎಂದು ಬಿಚ್ಚುವಾಗಲೇ ಫೋಟೊ ತೆಗೆ, ತಿರುಗಿಸಿ ಹಾಕಿದರೆ ಮತ್ತೆ ಇದೇ ಗೋಳು. ಹಳೆಯದರ ಅಂಕಿಯನ್ನೂ ಇಲ್ಲಿ ಹಾಕು. ಅದೂ 63 ಆಗಿದ್ದರೆ ನನ್ನ ಲೆಕ್ಕ ತಪ್ಪು, ನಿನ್ನ ಸೀಲಿನ ಮಾತೇ ನಿಜ ಎಂದು ಇದೇ ಗುಂಪಿನಲ್ಲಿ ಬರೆಯುತ್ತೇನೆ.